ಗೆಳೆಯನಿಗೊಂದು ಪತ್ರ: ‘ಬೇಡ’ ಅಂತ ಬರೆಯುವ ಮೊದಲು

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ಕೂಗಾಡಿದ್ದು ಇನ್ನೂ ಕಿವಿಯಲ್ಲೇ ಇದೆ. ಮನೆಯಿಂದ ಮುನ್ನೂರು ಮೀಟರಿಗೆ ಡಾಂಬರು ಘಟಕ, ಪರವಾನಗಿಯೂ ಆಗಿಹೋಗಿದೆ, ಬೇಲಿಗೆ ಅಂಟಿಸಿದ್ದ ನೋಟಿಸು ಮಳೆಗೆ ನೆನೆದು ಉದುರಿದ ಮೇಲೆ ನಿಮಗೆಲ್ಲ ಸುದ್ದಿ ಗೊತ್ತಾಗಿದೆ. ಏನು ಹೇಳಬೇಕೋ ತೋಚದೆ ‘ನೋಡೋಣ ಬಿಡು’ ಅಂದೆ. ಆ ಮಾತು ನನಗೇ ಹಿಡಿಸಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಬಡಾವಣೆಯ ಕಥೆಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ, ನಾಚಿಕೆಯಿಂದ. ನಾವು ಸೋತವರು. ಇಲ್ಲೂ ಅದೇ ಥರದ ಘಟಕ, ಎಂಟು ವರ್ಷದಿಂದ ನಡೆಯುತ್ತಿದೆ. ಆಗ ನಾವು ಕೊಟ್ಟ ಮನವಿ ನಾಲ್ಕು ಪುಟ, ನಾನೂರು ಸಹಿ. ಆರೋಗ್ಯ, ಮಕ್ಕಳು, ಮನೆಗಳ ಬೆಲೆ ಎಲ್ಲವನ್ನೂ ತುಂಬಿದ್ದೆವು. ಆದರೆ ನಾಲ್ಕೂ ಪುಟದಲ್ಲಿ ಇದ್ದದ್ದು ‘ಬೇಡ’ ಎಂಬ ಒಂದೇ ಪದ. ಅಧಿಕಾರಿ ತಾಳ್ಮೆಯಿಂದ ಓದಿ, ‘ಪರವಾನಗಿಯ ಯಾವ ಷರತ್ತಿಗೆ ನಿಮ್ಮ ಆಕ್ಷೇಪಣೆ?’ ಅಂತ ಕೇಳಿದರು. ಮುಖ ಮುಖ ನೋಡಿಕೊಂಡೆವು. ಒಬ್ಬರೂ ಷರತ್ತು ಓದಿರಲಿಲ್ಲ ಮಾರಾಯ!

ಹಾಗಾಗಿ ಸಹಿ ಸಂಗ್ರಹಕ್ಕೆ ಹೊರಡುವ ಮೊದಲು ಪರವಾನಗಿಯ ಪ್ರತಿ ತರಿಸಿಕೊ. ಜೊತೆಗೆ ಮೇಲ್ಮನವಿಗೆ ಕೊನೆಯ ದಿನ ಯಾವುದು ಅಂತ ಕೇಳಿ ಗೋಡೆಯ ಮೇಲೆ ಬರೆದಿಡು. ಗಡುವು ಮೀರಿದ ಸತ್ಯಕ್ಕೆ ಕಚೇರಿಯಲ್ಲಿ ಕುರ್ಚಿ ಸಿಗುವುದಿಲ್ಲ.

ಆಮೇಲೆ ಆ ಯಂತ್ರ ಏನು ಮಾಡುತ್ತದೆ ಅಂತ ತಿಳಿದುಕೊ. ಜಲ್ಲಿಯನ್ನು ತಿರುಗುವ ದೊಡ್ಡ ಡ್ರಮ್ಮಿನಲ್ಲಿ ಕಾಯಿಸಿ ಒಣಗಿಸುತ್ತಾರೆ, ಸುಮಾರು 150 ಡಿಗ್ರಿ ಶಾಖದಲ್ಲಿ ಡಾಂಬರು ಬೆರೆಸುತ್ತಾರೆ. ಜಲ್ಲಿಯ ದೂಳನ್ನು ಬಟ್ಟೆಯ ಚೀಲಗಳ ಫಿಲ್ಟರ್ ಹಿಡಿಯುತ್ತದೆ. ಆದರೆ ಅದು ವಾಸನೆಯನ್ನು ಹಿಡಿಯುವುದಿಲ್ಲ. ವಾಸನೆ ಏಳುವುದು ಬಿಸಿ ಡಾಂಬರಿನ ಟ್ಯಾಂಕಿನಿಂದ, ಲಾರಿಗೆ ಸುರಿಯುವ ಜಾಗದಿಂದ. ಚಿಮಣಿಯ ಅಳತೆ ಎಷ್ಟೇ ಸರಿ ಬಂದರೂ ನಿನ್ನ ಅಡುಗೆಮನೆಯಲ್ಲಿ ತಲೆ ಸಿಡಿಯಬಹುದು. ಕಂಪನಿಯವರು ಚಿಮಣಿಯ ವರದಿ ತೋರಿಸುತ್ತಾರೆ. ನೀನು ಲಾರಿಗೆ ಸುರಿಯುವ ಜಾಗಕ್ಕೆ ಮುಚ್ಚಿಗೆ ಇದೆಯೇ ಅಂತ ಕೇಳು.

ಇನ್ನೊಂದು ಮೋಸ ಸರಾಸರಿಯದು. ಬೇಕೆಂದೇ ಮಾಡುವ ಮೋಸವಲ್ಲ, ಲೆಕ್ಕದ್ದೇ ಮೋಸ. ದಿನವಿಡೀ ಅಳೆದ ಶಬ್ದದ ಸರಾಸರಿಯಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ ಲಾರಿ ಹಿಂದೆ ಬರುವಾಗಿನ ಪೀಂ ಪೀಂ ಕಾಣುವುದೇ ಇಲ್ಲ. ನಿದ್ದೆ ಕೆಡುವುದು ಆ ಪೀಂ ಪೀಂಗೆ, ಸರಾಸರಿಗಲ್ಲ. ಡೆಸಿಬಲ್ ಲೆಕ್ಕ ಬೇರೆ ವಿಚಿತ್ರ: 50 ಇದ್ದದ್ದು 60 ಆದರೆ ‘ಹತ್ತೇ ಜಾಸ್ತಿ’ ಅನ್ನಿಸುತ್ತದೆ, ಶಬ್ದದ ಶಕ್ತಿ ಮಾತ್ರ ಹತ್ತು ಪಟ್ಟು. ಗಾಳಿಯ ಕಥೆಯೂ ಅಷ್ಟೆ. ನಿರಭ್ರ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ತಂಪು ಗಾಳಿ ಕೆಳಗೆ ಕೂತು ಬೆಚ್ಚನೆಯ ಗಾಳಿ ಮೇಲೆ ಮುಚ್ಚಳ ಹಾಕುತ್ತದೆ. ಹೊಗೆ ಮೇಲೇರದೆ ಮನೆಗಳ ಮಟ್ಟದಲ್ಲೇ ಹರಿದಾಡುತ್ತದೆ. ನಮ್ಮಲ್ಲಿ ಅಳತೆಗೆ ಬಂದವರು ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ!

ಹೀಗಾಗಿ ಎರಡನೇ ಸುತ್ತಿಗೆ ನಾವು ಒಂದು ನೋಟ್‌ಬುಕ್ ಇಟ್ಟೆವು. ಹನ್ನೊಂದು ಮನೆ, ದಿನಕ್ಕೊಂದು ಸಾಲು: ತಾರೀಕು, ಗಂಟೆ, ಗಾಳಿ ಯಾವ ಕಡೆಯಿಂದ, ವಾಸನೆ ಎಷ್ಟು, ಲಾರಿ ಎಷ್ಟು. ವಾಸನೆ ಇಲ್ಲದ ದಿನವನ್ನೂ ಬರೆದೆವು. ನಮ್ಮವರೇ ಕೆಲವರು ‘ನಮ್ಮ ಕೇಸಿಗೆ ನಾವೇ ಕಲ್ಲು ಹಾಕಿಕೊಳ್ಳೋದಾ?’ ಅಂತ ಜಗಳಕ್ಕೆ ಬಂದರು. ಆದರೆ ನಮ್ಮ ಪುಸ್ತಕವನ್ನು ಅಧಿಕಾರಿಗಳು ನಂಬಿದ್ದೇ ಆ ಖಾಲಿ ದಿನಗಳಿಂದ. ಘಟಕ ಹೋಗಲಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಲಾರಿ ಓಡಿಸಬಾರದು ಅಂತಾಯಿತು, ಸುರಿಯುವ ಜಾಗಕ್ಕೆ ಮುಚ್ಚಿಗೆ ಬಂತು.

ನಿನಗೆ ಎದುರಾಗುವ ಮಾತು ಇನ್ನೊಂದಿದೆ: ‘ಯಾರು ಮೊದಲು ಬಂದವರು?’ ಇದು ಹಳೆಯ ಜಗಳ. ದುರ್ವಾಸನೆಯ ಕಾರ್ಖಾನೆಗಳ ಬಗ್ಗೆ ಫ್ರಾನ್ಸಿನಲ್ಲಿ 1810ರಲ್ಲೇ ಒಂದು ಕಟ್ಟಳೆ ಬಂದಿತ್ತು. ಕಾರ್ಖಾನೆಗಳನ್ನು ಮೂರು ದರ್ಜೆ ಮಾಡಿ, ಮೊದಲ ದರ್ಜೆಯವು ಮನೆಗಳಿಂದ ದೂರವೇ ಇರಬೇಕು, ಅರ್ಜಿಯನ್ನು ಸುತ್ತಲ ಊರುಗಳಲ್ಲಿ ಪ್ರಕಟಿಸಬೇಕು, ಯಾರು ಬೇಕಾದರೂ ತಕರಾರು ಎತ್ತಬಹುದು ಎಂದಿತ್ತು. ಜೊತೆಗೆ, ಅನುಮತಿ ಸಿಕ್ಕಿದ ಮೇಲೆ ಪಕ್ಕದಲ್ಲಿ ಬಂದು ಮನೆ ಕಟ್ಟಿದವನು ‘ಕಾರ್ಖಾನೆ ತೆಗೆಸಿ’ ಎನ್ನುವಂತಿಲ್ಲ ಎಂದೂ ಇತ್ತು. ನ್ಯಾಯವಾಗಿಯೇ ಕೇಳಿಸುತ್ತದೆ, ಅಲ್ಲವೆ? ಆದರೆ ನೆದರ್‌ಲ್ಯಾಂಡ್ಸಿನ ಎನ್ಸ್‌ಕೆಡೆ ಊರನ್ನು ನೆನೆಸಿಕೊ. ಊರಾಚೆ ಇದ್ದ ಪಟಾಕಿ ಗೋದಾಮಿನ ಸುತ್ತ ಊರೇ ಬೆಳೆದು ಬಂತು. 2000ದ ಮೇ 13ರಂದು ಅದು ಸಿಡಿದಾಗ 23 ಜನ ಸತ್ತರು. ಅಲ್ಲಿ ಮೊದಲು ಬಂದದ್ದು ಗೋದಾಮೇ. ಬೆಂಕಿ ಅದನ್ನೆಲ್ಲ ಕೇಳಲಿಲ್ಲ. ನಿನ್ನ ವಿಷಯದಲ್ಲಂತೂ ಮನೆಗಳೇ ಮೊದಲು, ಅದನ್ನು ದಾಖಲೆ ಸಮೇತ ಹೇಳು.

‘ನಿಮ್ಮ ರಸ್ತೆಗೂ ಡಾಂಬರು ಬೇಕಲ್ಲ?’ ಅಂತಲೂ ಕೇಳುತ್ತಾರೆ. ಬೇಕು. ಹಾಗಂತ ಒಪ್ಪಿಕೊ, ನುಣುಚಿಕೊಳ್ಳಬೇಡ. ನಾನು ನುಣುಚಿಕೊಂಡು ಸಭೆಯಲ್ಲಿ ನಗೆಪಾಟಲಾದವನು.

ಜನ ಒಡೆಯುತ್ತಾರೆ, ಅದಕ್ಕೂ ತಯಾರಾಗಿರು. ನಮ್ಮ ಪಕ್ಕದ ಮನೆಯವರ ಮಗನಿಗೆ ಅಲ್ಲೇ ಕೆಲಸ ಸಿಕ್ಕಿತು. ಎರಡು ವರ್ಷ ನಾವು ಮಾತು ಬಿಟ್ಟಿದ್ದೆವು. ಘಟಕದ ವಾಸನೆಗಿಂತ ಅದೇ ಹೆಚ್ಚು ಕಾಡಿತು ನನ್ನನ್ನು. ಕೊನೆಗೆ ಆ ಹುಡುಗನೇ ಒಂದು ದಿನ ಗೇಟಿನ ಹತ್ತಿರ ನಿಂತು, ಫಿಲ್ಟರ್ ಚೀಲ ಬದಲಿಸಿ ಎಷ್ಟು ದಿನವಾಯಿತು ಅಂತ ಕೇಳಿ ಅಂದ. ಕೇಳಿದೆವು.

ಪರವಾನಗಿಯ ಪುಟಗಳ ಫೋಟೋ ತೆಗೆದು ಕಳಿಸು, ಷರತ್ತುಗಳ ಪಟ್ಟಿ ಮೊದಲು. ಭಾನುವಾರ ಕೂತು ಇಬ್ಬರೂ ಓದೋಣ. ನಮ್ಮ ನೋಟ್‌ಬುಕ್ಕಿನ ಕೆಲವು ಪುಟ ನಿನಗೆ ಕಳಿಸುತ್ತಿದ್ದೇನೆ, ಸಾಲು ಹೇಗೆ ಹಾಕಿದ್ದೇವೆ ನೋಡು.

ಇಷ್ಟು ಬರೆಯುವಷ್ಟರಲ್ಲಿ ರಾತ್ರಿ ಹತ್ತೂ ಇಪ್ಪತ್ತು. ಈಗಷ್ಟೇ ಒಂದು ಲಾರಿ ಹೋಯಿತು. ತಾಳು, ಬರೆದಿಟ್ಟು ಬರುತ್ತೇನೆ.

ನಿನ್ನವ