ಗಾಳಿಯನ್ನು ಕೇಳಿ ಹೊರಡು

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಇಡೀ ಚಳಿಗಾಲ ಹೊರಗಡೆಯೇ ಓಡುತ್ತೇನೆ, ಒಂದು ದಿನವೂ ತಪ್ಪಿಸಲ್ಲ, ಟ್ರೆಡ್‌ಮಿಲ್ ಮೇಲೆ ಓಡುವುದು ಓಟವೇ ಅಲ್ಲ ಅಂತ ದೊಡ್ಡದಾಗಿ ಬರೆದಿದ್ದೀಯ. ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ತುರುಕಿದ ಹಾಗೆ, ಮೈನಸ್ 18 ಡಿಗ್ರಿ ಚಳಿಯಲ್ಲಿ ಓಡಿ ಬಂದು ರಾತ್ರಿಯೆಲ್ಲ ಕೆಮ್ಮಿದೆ ಅಂತಲೂ ಬರೆದಿದ್ದೀಯ. ಆ ಮೊದಲ ಭಾಗ ನಿಮ್ಮಪ್ಪನ ಹಟ, ನನಗೆ ಚಿಕ್ಕಂದಿನಿಂದ ಗೊತ್ತು. ಅಂಚಿನಲ್ಲಿ ಬರೆದದ್ದಕ್ಕೆ ಮೊದಲು ಉತ್ತರ ಬರೆಯುತ್ತೇನೆ.

ಚಳಿಗೆ ಶ್ವಾಸಕೋಶ ಹೆಪ್ಪುಗಟ್ಟುತ್ತದೆ ಅಂತ ಯಾರಾದರೂ ಹೆದರಿಸಿದ್ದರೆ ನಂಬಬೇಡ. ನಾವು ಎಳೆದುಕೊಂಡ ಗಾಳಿ ಕೆಳಗಿಳಿಯುವ ಹಾದಿಯಲ್ಲೇ ಬೆಚ್ಚಗಾಗಿಬಿಡುತ್ತದೆ. ತೊಂದರೆ ಇರುವುದು ಅದು ಒಣ ಗಾಳಿ ಎಂಬುದರಲ್ಲಿ. ಅಷ್ಟು ತಣ್ಣಗಿನ ಗಾಳಿಯಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಎನ್ನಬಹುದು. ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಅದಕ್ಕೆ ಸಾಕಷ್ಟು ತೇವ ಸಿಗುತ್ತದೆ. ಜೋರಾಗಿ ಓಡುವಾಗ ಬಾಯಿ ತೆರೆದುಕೊಳ್ಳುತ್ತದೆ, ಆಗ ಆ ಕೆಲಸವೆಲ್ಲ ಗಂಟಲಿಗೂ ಶ್ವಾಸನಾಳಕ್ಕೂ ಬೀಳುತ್ತದೆ. ಅವು ಒಣಗಿ ಬಿಗಿಯುತ್ತವೆ. ನಿನ್ನ ಕೆಮ್ಮು ಬಂದದ್ದು ಬಹುಶಃ ಹೀಗೆ. ಬಾಯಿಗೆ ಒಂದು ತೆಳು ಬಟ್ಟೆ ಕಟ್ಟಿಕೋ, ಬಿಟ್ಟ ಉಸಿರಿನ ತೇವ ಅದರಲ್ಲಿ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ವೇಗದ ಓಟವನ್ನು ಅಂಥ ದಿನ ಹೊರಗೆ ಇಟ್ಟುಕೊಳ್ಳಬೇಡ. ಹಿಮದಲ್ಲೇ ಹುಟ್ಟಿ ಬೆಳೆದವರು ಓಡುವ ಸ್ಕೀ ಪಂದ್ಯಗಳನ್ನೂ ಮೈನಸ್ 20ಕ್ಕಿಂತ ಕೆಳಗೆ ಇಳಿದರೆ ನಡೆಸುವುದಿಲ್ಲ, ಅವರ ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಎದೆ ಬಿಗಿಯುವುದು, ಉಸಿರಿನಲ್ಲಿ ಸುಯ್ ಎನ್ನುವ ಸದ್ದು ಬರುವುದು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸದೆ ಮತ್ತೆ ಓಡಬೇಡ.

ಇನ್ನು ನೀನು ಮೈನಸ್ 18 ಅಂತ ಹೆಮ್ಮೆಯಿಂದ ಬರೆದಿದ್ದೀಯಲ್ಲ, ಆ ಅಂಕಿ ಅರ್ಧ ಮಾತು ಮಾತ್ರ. ಅವತ್ತು ಗಾಳಿ ಎಷ್ಟಿತ್ತು? ಬರೆದಿಲ್ಲ. ಗಾಳಿಯಿಲ್ಲದ ಮೈನಸ್ 18 ಓಡಲು ಚೆನ್ನಾಗಿಯೇ ಇರುತ್ತದೆ. ಮೈನಸ್ 8 ಇದ್ದು ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಮುಖಕ್ಕೆ ಅದೂ ಮೈನಸ್ 18ರಷ್ಟೇ. ಮೈನಸ್ 15ಕ್ಕೆ 30 ಕಿ.ಮೀ. ಗಾಳಿ ಸೇರಿದರೆ ಮೈನಸ್ 26. ಇದಕ್ಕೆ ವಿಂಡ್ ಚಿಲ್ ಅನ್ನುತ್ತಾರೆ, ಹವಾಮಾನ ವರದಿಯಲ್ಲಿ ಪಕ್ಕದಲ್ಲೇ ಕೊಟ್ಟಿರುತ್ತಾರೆ. ಅದು ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ನಿನ್ನ ಓಟ ಎಷ್ಟು ಹೊತ್ತಿನದು ಅಂತ ಒಮ್ಮೆ ಲೆಕ್ಕ ಹಾಕು.

ಇದು ನಾನು ಪುಸ್ತಕದಿಂದ ಕಲಿತದ್ದಲ್ಲ, ಕಿವಿ ಕೊಟ್ಟು ಕಲಿತದ್ದು. ಸುಮ್ನೆ ಗಾದೆ ಹೇಳುತ್ತಿಲ್ಲ, ನಿಜವಾಗಿಯೂ ಕಿವಿ. ಓಡಲು ಶುರು ಮಾಡಿದ ಎರಡನೆಯ ಚಳಿಗಾಲ. ಬಿಸಿಲು ಚೆನ್ನಾಗಿತ್ತು, ಹೊರಗೆ ಕಾಲಿಟ್ಟರೆ ಚಳಿಯೇ ಇಲ್ಲ ಅನ್ನಿಸಿತು. ಗಾಳಿ ಬೆನ್ನ ಹಿಂದಿತ್ತು. ನಾನು ಓಡುವ ದಿಕ್ಕೂ ಗಾಳಿಯ ದಿಕ್ಕೂ ಒಂದೇ ಆಗಿದ್ದರಿಂದ ಅದು ತಾಗುತ್ತಲೇ ಇರಲಿಲ್ಲ. ಆರು ಕಿ.ಮೀ. ಹೋದೆ, ಚೆನ್ನಾಗಿ ಬೆವರಿದೆ, ಟೋಪಿ ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ತಿರುಗಿದೆ ನೋಡು! ಅದೇ ಗಾಳಿ ಈಗ ಎದುರಿಗೆ, ಅದರ ಮೇಲೆ ನನ್ನ ಓಟದ ವೇಗ ಬೇರೆ. ಒದ್ದೆ ಬಟ್ಟೆ ಮೈಗೆ ಅಂಟಿ ತಗಡಿನ ಹಾಗಾಯಿತು. ಟೋಪಿ ಒದ್ದೆಯಾಗಿ ಗಟ್ಟಿಯಾಗಿತ್ತು. ಮೊದಲು ಕಿವಿ ಉರಿಯಿತು, ಆಮೇಲೆ ಉರಿ ನಿಂತಿತು. ನಿಂತಿತಲ್ಲ, ಪರವಾಗಿಲ್ಲ ಅಂದುಕೊಂಡೆ. ಅದೇ ದಡ್ಡತನ. ಉರಿ ನಿಂತದ್ದೇ ಅಪಾಯದ ಗುರುತು. ಮನೆಗೆ ಬಂದು ಕನ್ನಡಿ ನೋಡಿದರೆ ಕಿವಿಯ ತುದಿ ಮೇಣದ ಹಾಗೆ ಬೆಳ್ಳಗಿತ್ತು. ಅದನ್ನು ಉಜ್ಜಿದೆ, ಅದೂ ತಪ್ಪು. ಹೆಪ್ಪುಗಟ್ಟಿದ ಚರ್ಮವನ್ನು ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು. 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ಕಾಯಿಸಬೇಕು, ಆಮೇಲೆ ಡಾಕ್ಟರಿಗೆ ತೋರಿಸಬೇಕು. ಇಷ್ಟು ವರ್ಷವಾದರೂ ಸ್ವಲ್ಪ ಚಳಿಯಾದರೆ ಸಾಕು, ಆ ಕಿವಿ ಮೊದಲು ನೋಯುತ್ತದೆ.

ಅಂದಿನಿಂದ ನಾನು ಮನೆ ಬಿಡುವಾಗ ಗಾಳಿಗೆ ಎದುರಾಗಿಯೇ ಹೋಗುತ್ತೇನೆ. ಮೈ ಒಣಗಿರುವಾಗ ಗಾಳಿ ತಿಂದುಬಿಡುವುದು, ಬೆವರಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ಬರುವುದು. ವಿಂಡ್ ಚಿಲ್ ಮೈನಸ್ 25ರ ಹತ್ತಿರ ಇದ್ದರೆ ಮನೆಯ ಸುತ್ತಲೇ ಸಣ್ಣ ಸುತ್ತು ಹೊಡೆಯುತ್ತೇನೆ, ಯಾವಾಗ ಬೇಕಾದರೂ ಒಳಗೆ ಬರಬಹುದು. ಅದಕ್ಕಿಂತ ಕೆಳಗೆ ಹೋದರೆ ಹೊರಗೆ ಓಡುವುದೇ ಇಲ್ಲ.

ಬಟ್ಟೆಯ ವಿಷಯ ಜಾಸ್ತಿ ಬರೆಯಲ್ಲ. ಹತ್ತಿ ಬೇಡ, ಅದು ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ. ಹೊರಗಿನ ತಾಪಮಾನಕ್ಕಿಂತ 10 ಡಿಗ್ರಿ ಜಾಸ್ತಿ ಇದೆ ಅಂದುಕೊಂಡು ಹಾಕಿಕೋ. ಮೊದಲ ಐದು ನಿಮಿಷ ಸ್ವಲ್ಪ ನಡುಗಬೇಕು, ಆಗಲೇ ಸರಿಯಾದ ಲೆಕ್ಕ. ಕೈಗೆ ಬೆರಳು ಬೆರಳಿಗೆ ಬೇರೆ ಗೂಡಿರುವ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಒಳ್ಳೆಯದು. ಬಂದ ತಕ್ಷಣ ಒದ್ದೆ ಬಟ್ಟೆ ಬದಲಿಸು, ಬೇರೆ ಯಾವ ಕೆಲಸವಿದ್ದರೂ ಆಮೇಲೆ.

ನಿಜ ಹೇಳಬೇಕೆಂದರೆ ನನಗೆ ಚಳಿಗಿಂತ ಹೆದರಿಕೆ ನೆಲದ್ದು. ಹೊಸದಾಗಿ ಬಿದ್ದ ಹಿಮ ಕಾಲಿಗೆ ಮೆತ್ತಗಿರುತ್ತದೆ, ನಾಲ್ಕು ಹೆಜ್ಜೆ ನಿಧಾನವಾದರೆ ಆಯಿತು. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದದ್ದು ಹಾಗಲ್ಲ, ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಒದ್ದೆ ರಸ್ತೆಯ ಹಾಗಿರುತ್ತದೆ. ಶೂ ಕೆಳಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡರೆ ಸ್ವಲ್ಪ ಹಿಡಿತ ಸಿಗುತ್ತದೆ. ಆದರೆ ಕತ್ತಲಲ್ಲಿ, ಅಂಥ ನೆಲದ ಮೇಲೆ, ವಾಹನಗಳ ಪಕ್ಕದಲ್ಲಿ ಓಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಜಾರಿ ಮಣಿಕಟ್ಟು ಮುರಿದುಕೊಂಡರೆ ಒಂದು ದಿನ ತಪ್ಪುವುದಲ್ಲ, ಆರು ವಾರ ತಪ್ಪುತ್ತದೆ.

ಈಗ ನಿನ್ನ ಟ್ರೆಡ್‌ಮಿಲ್ ಸಿಟ್ಟಿಗೆ ಬರುತ್ತೇನೆ. ನಿನ್ನ ಸಿಟ್ಟಿಗೂ ಒಂದು ಇತಿಹಾಸ ಇದೆ ಬಿಡು. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳಿಗೆ ಕೆಲಸ ಕೊಡಲು ತುಳಿಯುವ ಚಕ್ರ ಮಾಡಿಸಿದ, ಟ್ರೆಡ್‌ಮಿಲ್ ಎಂಬ ಹೆಸರು ಆ ಚಕ್ರಕ್ಕೇ ಇದ್ದದ್ದು. ಗೋಡೆ ನೋಡುತ್ತಾ ನಲವತ್ತು ನಿಮಿಷ ಓಡುವಾಗ ನನಗೂ ಆ ಕೈದಿಗಳ ನೆನಪಾಗುತ್ತದೆ. ಬೇಜಾರು, ಒಪ್ಪುತ್ತೇನೆ. ಓಟವೇ ಅಲ್ಲ ಎಂಬುದನ್ನು ಮಾತ್ರ ಒಪ್ಪಲ್ಲ.

2000ದಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆಯ ಮ್ಯಾರಥಾನ್ ಗೆದ್ದವಳು ಕ್ರಿಸ್ಟಿನ್ ಕ್ಲಾರ್ಕ್, ಅಲಾಸ್ಕಾದ ಡಾಕ್ಟರ್, ಎರಡು ಮಕ್ಕಳ ತಾಯಿ. ಅಲ್ಲಿನ ಚಳಿಗಾಲದಲ್ಲಿ ಅವಳು ತಯಾರಿಯನ್ನು ಹೆಚ್ಚಾಗಿ ಟ್ರೆಡ್‌ಮಿಲ್ ಮೇಲೆಯೇ ಮಾಡಿದ್ದಳು. ಆಯ್ಕೆ ನಡೆದದ್ದು ದಕ್ಷಿಣದ ಸೌತ್ ಕ್ಯಾರೊಲಿನಾದಲ್ಲಿ, ಅವತ್ತು ಸೆಕೆ. ಹೆಸರಾಂತ ಓಟಗಾರ್ತಿಯರು ಸೊರಗಿದರು, ಯಾರೂ ಎಣಿಸದ ಇವಳು 2 ಗಂಟೆ 33 ನಿಮಿಷದಲ್ಲಿ ಮುಗಿಸಿ ಗೆದ್ದಳು. ಬೆಚ್ಚಗಿನ ಕೋಣೆಯಲ್ಲಿ ಬೆವರು ಸುರಿಸಿ ಓಡಿದ್ದು ಅವಳಿಗೆ ಅವತ್ತು ಕೆಲಸಕ್ಕೆ ಬಂತು ಅಂತ ನಾನು ಅಂದುಕೊಂಡಿದ್ದೇನೆ.

ಒಳಗೆ ಓಡುವುದಕ್ಕೂ ರೀತಿ ಇದೆ. ಅಲ್ಲಿ ಎದುರುಗಾಳಿ ಇರುವುದಿಲ್ಲ, ಹಾಗಾಗಿ ಅದೇ ವೇಗ ಸ್ವಲ್ಪ ಸುಲಭ. ಶೇಕಡಾ 1ರಷ್ಟು ಏರು ಇಟ್ಟರೆ ಹೊರಗಿನ ಶ್ರಮಕ್ಕೆ ಸರಿಹೋಗುತ್ತದೆ ಅಂತ 1996ರಲ್ಲೇ ಅಳೆದು ನೋಡಿದ್ದಾರೆ. ಅದು ಗಂಟೆಗೆ 10 ಕಿ.ಮೀ. ಮೇಲೆ ಓಡುವವರಿಗೆ, ನಿಧಾನದ ಓಟಕ್ಕೆ ಅದೂ ಬೇಡ. ಫ್ಯಾನ್ ಮಾತ್ರ ಮುಖಕ್ಕೆ ಇಟ್ಟುಕೋ. ಗಾಳಿಯಾಡದಿದ್ದರೆ ಬೆವರು ಆರುವುದಿಲ್ಲ, ಮೈ ಕಾದು ಎದೆಬಡಿತ ಸುಮ್ನೆ ಏರುತ್ತದೆ. ವಾರದ ವೇಗದ ಓಟವನ್ನು ಒಳಗೆ ಮಾಡು. ನಿಧಾನದ್ದು, ಉದ್ದದ್ದು ಗಾಳಿಯಿಲ್ಲದ ಹಗಲಿಗೆ ಇಟ್ಟುಕೋ. ಹಿಮದ ಮೇಲೆ ಬಿಸಿಲು ಬಿದ್ದ ದಿನ ಒಳಗೆ ಕೂತರೆ ನಾನೇ ಬೈಯುತ್ತೇನೆ, ಅಂಥ ಓಟ ಬೇಸಿಗೆಯಲ್ಲಿ ಸಿಗಲ್ಲ.

ಹೊರಗೆ ಹೋಗುವಾಗ ಯಾವ ದಾರಿ, ಎಷ್ಟು ಹೊತ್ತು ಅಂತ ಯಾರಿಗಾದರೂ ಹೇಳಿ ಹೋಗು. ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಡು, ಚಳಿಗೆ ಬ್ಯಾಟರಿ ಇದ್ದಕ್ಕಿದ್ದ ಹಾಗೆ ಸತ್ತುಹೋಗುತ್ತದೆ. ನಾಲಿಗೆ ತೊದಲಿದರೆ, ಜಿಪ್ ಎಳೆಯಲು ಬೆರಳು ಕೇಳದಿದ್ದರೆ ಓಟ ಮುಗಿಯಿತು ಅಂತ ಅರ್ಥ, ಹತ್ತಿರದ ಬಾಗಿಲು ತಟ್ಟು.

ಈ ಕಾಗದದ ಜೊತೆ ನನ್ನ ಹಳೆಯ ಉಣ್ಣೆ ಮಿಟನ್ ಜೋಡಿ ಇಟ್ಟಿದ್ದೇನೆ. ಎಡಗೈಯದ್ದರ ಹೆಬ್ಬೆರಳು ಹರಿದಿತ್ತು, ಹೊಲಿದಿದ್ದೇನೆ, ದಾರದ ಬಣ್ಣ ಹೊಂದಿಲ್ಲ. ನೀನು ಬರೆಯುವಾಗ ಕೆಮ್ಮು ಹೇಗಿದೆ ಅಂತ ಈ ಸಲ ಮೊದಲ ಸಾಲಿನಲ್ಲೇ ಬರೆ.

ನಿನ್ನ ಅತ್ತೆ