ಎಸ್9ಕ್ಕೆ ಹೋದ ಮಗಳಿಗೆ

ಪುಟ್ಟಿ,

ನಿನ್ನೆ ರಾತ್ರಿ ‘ಊಟ ಆಯ್ತಪ್ಪ’ ಅಂದವಳೇ ಫೋನ್ ಇಟ್ಟುಬಿಟ್ಟೆ. ಪ್ಯಾರಾ ಈಜಿನಲ್ಲಿ ನಿನ್ನನ್ನು ಎಸ್8 ವಿಭಾಗದಿಂದ ಎಸ್9ಕ್ಕೆ ಹಾಕಿದ್ದಾರೆ ಅಂತ ಆಮೇಲೆ ಅಮ್ಮ ಹೇಳಿದಳು. ಫೋನಿನಲ್ಲಿ ನನಗೆ ಮಾತು ಸರಿಯಾಗಿ ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಂಕಟ ಅರ್ಥ ಆಗುತ್ತದೆ. ಕೈಕಾಲಿನ ತೊಂದರೆ ಇರುವವರಿಗೆ ಎಸ್1ರಿಂದ ಎಸ್10ರವರೆಗೆ ವಿಭಾಗ. ಅಂಕಿ ಏರಿದಷ್ಟೂ ತೊಂದರೆ ಕಡಿಮೆ ಅಂತ ಲೆಕ್ಕ. ಮಕ್ಕಳು ಬೆಳೆಯುತ್ತಾರೆ ಅಂತ ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡುತ್ತಾರೆ. ಹೋದ ಸಲ ಪದಕ ತಂದುಕೊಟ್ಟ ಅದೇ ಟೈಮಿಂಗ್ ಈಗ ಫೈನಲ್‌ಗೂ ಸಾಲದೇ ಹೋಗಬಹುದು. ಅಳು ಬರುವ ವಿಷಯವೇ, ಅತ್ತುಬಿಡು.

ಆದರೆ ಅಮ್ಮ ಹೇಳಿದ ಇನ್ನೊಂದು ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ. ‘ಪರೀಕ್ಷೆ ಮಾಡುವಾಗ ಸ್ವಲ್ಪ ಮೆತ್ತಗೆ ಕಾಲು ಬಡಿದಿದ್ದರೆ ಎಸ್8ರಲ್ಲೇ ಉಳೀತಿದ್ದೆ’ ಅಂದರಂತೆ ಯಾರೋ. ಬೇಡ ಪುಟ್ಟಿ. ಬೆಂಚಿನ ಮೇಲೆ ಮಲಗಿಸಿ ನೋಡುತ್ತಾರೆ, ನೀರಿನಲ್ಲಿ ನೋಡುತ್ತಾರೆ, ಸ್ಪರ್ಧೆಯಲ್ಲೂ ಕಣ್ಣಿಟ್ಟಿರುತ್ತಾರೆ. ಮೋಸ ಗೊತ್ತಾದರೆ ನಿಷೇಧ. ಅದು ಹಾಗಿರಲಿ. ಆ ಕಾಲು ಬಡಿತ ನಿನಗೆ ಎಲ್ಲಿಂದ ಬಂತು, ನೆನಪಿದೆಯಾ?

ನಿನಗಾಗ ಏಳು ವರ್ಷ. ಇಲ್ಲೇ ತುಮಕೂರಿನ ಒಂದು ಕೊಳದಲ್ಲಿ ನಿನ್ನ ಗಿಡ್ಡ ಎಡಗೈ ನೋಡಿ, ‘ಇಂಥ ಮಗುವಿಗೆ ಕಲಿಸೋಕೆ ಆಗಲ್ಲ’ ಅಂದುಬಿಟ್ಟರು. ಆ ಸಿಟ್ಟಿಗೆ ಗುಬ್ಬಿಗೆ ಕರೆದುಕೊಂಡು ಹೋಗಿ, ತಾತನ ತೋಟದ ಬಾವಿಗೆ ಇಳಿಸಿದೆ. ಸೊಂಟಕ್ಕೆ ಎರಡು ಒಣಗಿದ ಸೋರೆಬುರುಡೆ ಕಟ್ಟಿದ್ದೆ. ಬಲಗೈ ಎಳೆದಷ್ಟೂ ನಿನ್ನ ಮೈ ಎಡಕ್ಕೆ ತಿರುಗುತ್ತಿತ್ತು. ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದೆ. ನನಗೂ ಏನು ಹೇಳಿಕೊಡಬೇಕೋ ತೋಚಲಿಲ್ಲ. ಮೂರನೇ ದಿನ ನೀನೇ ಕಾಲು ಜೋರಾಗಿ ಬಡಿದು ಮೈ ನೆಟ್ಟಗೆ ಮಾಡಿಕೊಂಡೆ, ಸೀದಾ ಬಂದು ಕಲ್ಲಿನ ಮೆಟ್ಟಿಲು ಹಿಡಿದೆ. ಮೂಗಲ್ಲೆಲ್ಲ ನೀರು, ಆದರೂ ನಗ್ತಿದ್ದೆ. ಮೆತ್ತಗೆ ಬಡಿ ಅಂದವರು ಈಗ ಬಚ್ಚಿಡು ಅಂದಿದ್ದು ಅದೇ ಕಾಲನ್ನು.

ನಿನ್ನ ಗೋಡೆಯ ಮೇಲೆ ಶರತ್ ಗಾಯಕ್ವಾಡ್ ಚಿತ್ರ ಇದೆ ಅಲ್ವಾ. ಬೆಂಗಳೂರಿನ ಹುಡುಗ, ಅವರಿಗೂ ತೊಂದರೆ ಎಡಗೈಯದ್ದೇ. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. 2014ರಲ್ಲಿ ಇಂಚಿಯಾನ್‌ನ ಏಷ್ಯನ್ ಪ್ಯಾರಾ ಗೇಮ್ಸ್‌ನಿಂದ ಆರು ಪದಕ ತಂದರು. ಅವರಿಗಿಂತ ಎಷ್ಟೋ ಮುಂಚೆ ಮುರಳಿಕಾಂತ್ ಪೇಟ್ಕರ್. 1965ರ ಯುದ್ಧದಲ್ಲಿ ಗುಂಡು ತಿಂದ ಸೈನಿಕ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಆಮೇಲೆ 2024ರ ಪ್ಯಾರಿಸ್‌ವರೆಗೂ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ನಮಗೆ ಇನ್ನೊಂದು ಪದಕ ಬಂದಿಲ್ಲ. ಆ ಭಾರ ನಿನ್ನ ಮೇಲೆ ಹೊರಿಸಲ್ಲ. ಪದಕ ಸಿಗೋದು ಅಷ್ಟು ಕಷ್ಟ ಅಂತ ನನಗೂ ಗೊತ್ತು ಅಂತ ಹೇಳಿದೆ, ಅಷ್ಟೇ.

ಒಂದು ಕೆಲಸದ ಮಾತು. ನೀನು ಕಳಿಸಿದ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ತಿರುಗುವಾಗ ಬಲಗೈ ಗೋಡೆ ಮುಟ್ಟುತ್ತದೆ, ಎಡಗೈ ಹಿಂದೆಯೇ ಉಳಿಯುತ್ತದೆ. ಉದ್ದದ ಕೈ ಮುಟ್ಟಿದರೆ ಸಾಕು, ನಿಜ. ಆದರೆ ಎರಡೂ ಕೈ ಒಟ್ಟಿಗೇ ಮುಂದಕ್ಕೆ ಚಾಚಬೇಕು. ಇಲ್ಲದಿದ್ದರೆ ಡಿಸ್‌ಕ್ವಾಲಿಫೈ ಮಾಡಿಬಿಡುತ್ತಾರೆ. ಕೋಚ್ ಹತ್ತಿರ ಕೇಳು.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಅಮ್ಮ ಚಟ್ನಿಪುಡಿ ಕುಟ್ಟುತ್ತಿದ್ದಾಳೆ. ಸ್ಟಾಪ್‌ವಾಚ್‌ಗೆ ಹೊಸ ಸೆಲ್ ಹಾಕಿಸಿದ್ದೇನೆ, ತರುತ್ತೇನೆ.

ನಿನ್ನ
ಅಪ್ಪ