ಗಿಟಾರ್ ಹಿಡಿದ ಅಳಿಯನಿಗೆ

ಪ್ರೀತಿಯ ಪುಟ್ಟಾ, ಆಶೀರ್ವಾದಗಳು.

ನಿಮ್ಮ ಬ್ಯಾಂಡಿನಲ್ಲಿ ಜಗಳ ಶುರುವಾಗಿದೆ ಅಂತ ಬರೆದಿದ್ದೀಯ. ಹಾಡಿನಲ್ಲಿ ಘೋಷಣೆ ಇಲ್ಲದಿದ್ದರೆ ಅದು ಬರೀ ಗದ್ದಲ ಅಂತ ಗೆಳೆಯರು, ಹಾಗೇನಿಲ್ಲ ಅಂತ ನೀನು. ಇದೇ ಜಗಳ ಬ್ರೆಜಿಲ್‌ನಲ್ಲಿ ಸೈನ್ಯದ ಆಳ್ವಿಕೆ ಇದ್ದಾಗಲೇ ಆಗಿತ್ತು ಕಣೋ. ಬ್ಯಾಂಡ್ ಒಡೆಯುವ ಮುಂಚೆ ಅದನ್ನೊಂದು ಸಲ ಕೇಳು.

1964ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅದನ್ನು ವಿರೋಧಿಸುತ್ತಿದ್ದ ಎಷ್ಟೋ ಜನರಿಗೆ ಎಲೆಕ್ಟ್ರಿಕ್ ಗಿಟಾರ್ ಅಂದರೂ ಆಗದು, ಅಮೆರಿಕದ ಸರಕು ಅಂತ. 1967ರ ಜುಲೈನಲ್ಲಿ ಸಾವೊ ಪೌಲೊದಲ್ಲಿ ಗಿಟಾರ್ ವಿರುದ್ಧ ಮೆರವಣಿಗೆಯೇ ಹೊರಟಿತು. ಗಾಯಕ ಜಿಲ್ಬೆರ್ತೊ ಜಿಲ್ ಕೂಡ ಅದರಲ್ಲಿದ್ದ. ಅಕ್ಟೋಬರ್‌ನಲ್ಲಿ ಟಿವಿಯ ಹಾಡಿನ ಸ್ಪರ್ಧೆಗೆ ಅದೇ ಜಿಲ್ ಬಂದ, ಪಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಬ್ಯಾಂಡ್ 'ಓಸ್ ಮುಟಾಂಟೆಸ್'! ಎರಡನೇ ಬಹುಮಾನವೂ ಸಿಕ್ಕಿತು. ಮೂರು ತಿಂಗಳಲ್ಲಿ ಮನಸ್ಸು ಬದಲಿಸಿದ ಅಂತಲೇ ನನಗೆ ಅವನ ಮೇಲೆ ಗೌರವ ಜಾಸ್ತಿ.

ಮುಟಾಂಟೆಸ್ ಅಂದರೆ ರೀಟಾ ಲೀ, ಅರ್ನಾಲ್ಡೊ, ಅವನ ತಮ್ಮ ಸೆರ್ಜಿಯೊ. ಈ ಅಣ್ಣತಮ್ಮಂದಿರ ದೊಡ್ಡಣ್ಣ ಕ್ಲಾಡಿಯೊ ಗಿಟಾರ್, ಅದರ ಸದ್ದು ಬದಲಿಸುವ ಪೆಡಲ್ ಎಲ್ಲ ಮನೆಯಲ್ಲೇ ಮಾಡಿಕೊಡುತ್ತಿದ್ದ. ಒಂದು ಹಾಡಿನಲ್ಲಂತೂ ಡ್ರಮ್ಸ್ ಜೊತೆಗಿರುವ ಜೋಡಿ ತಾಳ, ಅಂದರೆ ಹೈ-ಹ್ಯಾಟ್ ಬದಲು ಸೊಳ್ಳೆಗೆ ಔಷಧಿ ಹೊಡೆಯುವ ಪಂಪು, ಚುಸ್ ಚುಸ್ ಅಂತ. ಒಳ್ಳೆ ಪೆಡಲ್ ಇಲ್ಲ ಅಂತ ಕೊರಗುತ್ತೀಯಲ್ಲ, ಅದಕ್ಕೇ ಹೇಳಿದೆ.

1968ರ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬ ಗಾಯಕ ಕಾಯತಾನೊ ವೆಲೋಸೊ ಇವರನ್ನು ಕಟ್ಟಿಕೊಂಡು ಇನ್ನೊಂದು ಸ್ಪರ್ಧೆಗೆ ಬಂದ. ಮೈಮೇಲೆ ಪ್ಲಾಸ್ಟಿಕ್ ಬಟ್ಟೆ, ಕೊರಳಲ್ಲಿ ಕರೆಂಟಿನ ವೈರಿನ ಹಾರ. ಸಭೆಯ ತುಂಬ ಸರ್ಕಾರದ ವಿರೋಧಿ ವಿದ್ಯಾರ್ಥಿಗಳೇ. ಅವರೇ ಕೂಗಿ, ಮೊಟ್ಟೆ ಟೊಮೇಟೊ ಎಸೆದು, ವೇದಿಕೆಗೆ ಬೆನ್ನು ತಿರುಗಿಸಿದರು. ಮುಟಾಂಟೆಸ್ ತಾವೂ ಸಭೆಗೆ ಬೆನ್ನು ಹಾಕಿ ಬಾರಿಸುತ್ತಲೇ ಇದ್ದರು. ವೆಲೋಸೊ ಹಾಡು ಬಿಟ್ಟು ಬೈಯತೊಡಗಿದ: ರಾಜಕೀಯದಲ್ಲೂ ನೀವು ಹೀಗೇ ಇದ್ದರೆ ನಮ್ಮ ಕತೆ ಮುಗಿದ ಹಾಗೆ ಅಂತ.

ಸೈನ್ಯಕ್ಕೆ ಈ ಜಗಳ ಯಾಕೆ ಬೇಕು? ಡಿಸೆಂಬರ್ 13ಕ್ಕೆ ಹೊಸ ಕಾನೂನು ತಂದು ಸಂಸತ್ತಿಗೇ ಬಾಗಿಲು ಹಾಕಿಸಿತು. ಎರಡು ವಾರಕ್ಕೆ ಜಿಲ್, ವೆಲೋಸೊ ಇಬ್ಬರೂ ಜೈಲಿಗೆ. ತಲೆಕೂದಲು ಕತ್ತರಿಸಿದರು. ಆಮೇಲೆ ಊರಲ್ಲೇ ಕಾವಲು, 1969ರಲ್ಲಿ ದೇಶ ಬಿಟ್ಟು ಲಂಡನ್‌ಗೆ. ನಿಮ್ಮ ಕೆಲಸ ನೇರವಾಗಿ ಪ್ರತಿಭಟಿಸುವವರದ್ದಕ್ಕಿಂತ ಅಪಾಯ ಅಂತ ಅಧಿಕಾರಿಯೊಬ್ಬ ಹೇಳಿದ್ದನ್ನು ವೆಲೋಸೊ ಆಮೇಲೆ ಬರೆದುಕೊಂಡಿದ್ದಾನೆ. ಇದನ್ನು ಓದಿ ನೀನು ಮೀಸೆ ತಿರುವಬೇಡ. 1968ರ ಅದೇ ಸ್ಪರ್ಧೆಯಲ್ಲಿ ಬರೀ ಸಾದಾ ಗಿಟಾರ್ ಹಿಡಿದು ಸೈನ್ಯದ ವಿರುದ್ಧ ನೇರವಾಗಿ ಹಾಡಿದ ಜೆರಾಲ್ಡೊ ವಾಂದ್ರೆಯೂ ದೇಶ ಬಿಡಬೇಕಾಯಿತು.

ಹಾಗಾಗಿ ನನ್ನ ಮಾತು ಇಷ್ಟು. ಘೋಷಣೆ ಬರೆಯುವ ಹುಡುಗನನ್ನು ಬ್ಯಾಂಡಿನಿಂದ ಬಿಡಬೇಡ. ಅವನಿಗೆ ಒಂದು ಹಾಡು ಕೊಡು, ನೀನೊಂದು ಇಟ್ಟುಕೋ. ನಿನ್ನ ಹಾಡಿಗೆ ಸುಮ್ನೆ ಒಂದು ಘೋಷಣೆ ಅಂಟಿಸುವುದಂತೂ ಬೇಡ, ಕೇಳುವವರಿಗೆ ಗೊತ್ತಾಗಿಬಿಡುತ್ತೆ. ನಿನ್ನವರೇ ಕೂಗಿದರೆ ಹಾಡು ಮುಗಿಸಿ ಇಳಿ, ಜಗಳ ಆಮೇಲೆ ಚಹಾ ಕುಡಿಯುತ್ತಾ ಆಡಿಕೊಳ್ಳಿ.

ಆಂಪ್ಲಿಫೈಯರ್ ರಿಪೇರಿಗೆ ದುಡ್ಡು ಹಾಕಿದ್ದೇನೆ, ಅಮ್ಮನಿಗೆ ಹೇಳಬೇಡ. ಹಬ್ಬಕ್ಕೆ ಬರುವಾಗ ಗಿಟಾರ್ ತಾ. ರಾತ್ರಿ ಹತ್ತರ ಮೇಲೆ ಮಾತ್ರ ಬಾರಿಸಬೇಡ, ಅಜ್ಜಿಗೆ ನಿದ್ದೆ ಬರಲ್ಲ.

ನಿನ್ನ ಮಾವ